ಎಲೆಯ ಬೆನ್ನು ನೆನೆಯಬೇಕು: ಬೇವು, ಹೊಂಗೆ, ಬೆಳ್ಳುಳ್ಳಿಯಿಂದ ನುಸಿ ಹತೋಟಿ

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ಕೋಲಾರ, ಚಿಂತಾಮಣಿ, ಶ್ರೀನಿವಾಸಪುರದ ಟೊಮೆಟೊ ತೋಟಗಳಲ್ಲಿ ಒಂದೇ ಮಾತು ಕೇಳುತ್ತದೆ: "ಮೈಟ್ಸ್ ಬಿದ್ದಿದೆ." ಮೈಟ್ಸ್ ಅಂದರೆ ಎಲೆಯ ರಸ ಹೀರುವ ನುಸಿ. ಎಲೆ ಹಿಡಿದುಕೊಂಡು ಔಷಧಿ ಅಂಗಡಿಗೆ ಹೋದರೆ ಒಂದು ಬಾಟಲಿ ಕೇಳಿದವರಿಗೆ ಮೂರು ಸಿಗುತ್ತವೆ. ಹೊಡೆದ ಎರಡು ದಿನ ಗಿಡ ಸುಧಾರಿಸಿದಂತೆ ಕಾಣುತ್ತದೆ. ಹತ್ತು ದಿನಕ್ಕೆ ಮತ್ತೆ ಎಲೆ ಹಳದಿ, ಮತ್ತೆ ಅಂಗಡಿ, ಮತ್ತೆ ಸಾಲದ ಚೀಟಿ.

ಇದರಿಂದ ಬೇಸತ್ತು ಬೇವಿನೆಣ್ಣೆ ಹೊಡೆದವರೂ ಇದ್ದಾರೆ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೇಳುವುದು, "ಹೊಡೆದೆವು ಸಾರ್, ಏನೂ ಆಗಲಿಲ್ಲ" ಅಂತ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ತಪ್ಪು ಬೇವಿನದ್ದೂ ಅಲ್ಲ. ನುಸಿ ಇರುವುದು ಎಲೆಯ ಕೆಳಗೆ, ಔಷಧಿ ಬಿದ್ದದ್ದು ಎಲೆಯ ಮೇಲೆ. ಗಿಡಮೂಲದ ಔಷಧಿಗಳಿಗೆ ಎಲೆಯೊಳಗೆ ಇಳಿದು ಇನ್ನೊಂದು ಬದಿಗೆ ಹೋಗುವ ಶಕ್ತಿ ಕಡಿಮೆ. ಮೈಗೆ ತಾಗಿದರೆ ಮಾತ್ರ ಕೆಲಸ. ಹಾಗಾಗಿ ಏನು ಹೊಡೆಯುತ್ತೀರಿ ಅನ್ನುವುದಕ್ಕಿಂತ ಎಲ್ಲಿಗೆ, ಎಷ್ಟು ದಿನಕ್ಕೊಮ್ಮೆ ಹೊಡೆಯುತ್ತೀರಿ ಅನ್ನುವುದೇ ದೊಡ್ಡದು.

ಮೊದಲು ನುಸಿಯೇ ಹೌದಾ ನೋಡಿ

ಎಲೆ ಹಳದಿಯಾದದ್ದೆಲ್ಲ ನುಸಿ ಅಲ್ಲ. ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಗಿಡದ ನಡುಭಾಗದ, ಸ್ವಲ್ಪ ಮಂಕಾದ ಎಲೆಯನ್ನು ಹಾಳೆಯ ಮೇಲೆ ಹಿಡಿದು ಎರಡು ಮೂರು ಸಲ ತಟ್ಟಿ. ಮೊದಲು ಧೂಳು ಬಿದ್ದಂತೆ ಕಾಣುತ್ತದೆ. ಹಾಳೆಯನ್ನು ಅಲ್ಲಾಡಿಸದೆ ಅರ್ಧ ನಿಮಿಷ ಸುಮ್ನೆ ನೋಡಿ. ಆ ಧೂಳಿನಲ್ಲಿ ಕೆಲವು ಚುಕ್ಕೆಗಳು ನಡೆಯಲು ಶುರು ಮಾಡುತ್ತವೆ. ಬೆರಳಿನಿಂದ ಒರೆಸಿದರೆ ಕೆಂಪು ಅಥವಾ ಹಸಿರು ಮಿಶ್ರಿತ ಕಂದು ಗೆರೆ ಬೀಳುತ್ತದೆ. ಅದು ನುಸಿ. ಗಡಿಯಾರ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುವಂಥ ಹತ್ತು ಪಟ್ಟಿನ ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಎಲೆಯ ಕೆಳಗೆ ನರದ ಪಕ್ಕ ಸಣ್ಣ ದುಂಡು ಮಣಿಗಳಂತೆ ಮೊಟ್ಟೆ, ತೆಳ್ಳನೆ ಬಲೆಯ ಎಳೆ, ನುಸಿ ಕಳಚಿದ ಬಿಳಿ ಪೊರೆ ಎಲ್ಲ ಕಾಣುತ್ತವೆ.

ಇದು ಜೇಡದ ಜಾತಿ, ಹುಳದ ಜಾತಿ ಅಲ್ಲ. ದೊಡ್ಡ ನುಸಿಗೆ ಎಂಟು ಕಾಲು, ಗಾತ್ರ ಸುಮಾರು ಅರ್ಧ ಮಿಲಿಮೀಟರ್. ಹುಳಕ್ಕೆ ಅಂತಲೇ ಮಾಡಿದ ಎಷ್ಟೋ ಔಷಧಿ ಇದಕ್ಕೆ ನಾಟದಿರಲು ಇದೇ ಕಾರಣ.

ಬೆಳೆಯಿಂದ ಬೆಳೆಗೆ ಲಕ್ಷಣ ಬೇರೆ. ಟೊಮೆಟೊ, ಬದನೆ, ಬೆಂಡೆ, ಬೀನ್ಸ್, ಗುಲಾಬಿ, ಚೆಂಡುಹೂವಿನಲ್ಲಿ ಬರುವುದು ಹೆಚ್ಚಾಗಿ ಬಲೆ ಕಟ್ಟುವ ಕೆಂಪು ಜೇಡ ನುಸಿ. ಎಲೆಯ ಮೇಲೆ ಸೂಜಿ ಚುಚ್ಚಿದಂಥ ಬಿಳಿ ಚುಕ್ಕೆಗಳು, ಆಮೇಲೆ ತಾಮ್ರದ ಬಣ್ಣ, ಕೊನೆಗೆ ತುದಿಯಲ್ಲಿ ಬಲೆ. ಮೆಣಸಿನಕಾಯಿ ಮತ್ತು ದಪ್ಪ ಮೆಣಸಿನಕಾಯಿಯಲ್ಲಿ ಬರುವ ಹಳದಿ ನುಸಿ ಬಲೆ ಕಟ್ಟುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಅದು ಎಳೆ ಕುಡಿಯಲ್ಲೇ ಇರುತ್ತದೆ. ಎಲೆ ಕೆಳಮುಖವಾಗಿ ಮಡಚಿ, ತೊಟ್ಟು ಉದ್ದವಾದರೆ ನುಸಿ. ಮೇಲ್ಮುಖವಾಗಿ ಮುಟುರಿಕೊಂಡರೆ ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಕೀಟ. ಎರಡೂ ಒಟ್ಟಿಗೆ ಇರುವುದೂ ಉಂಟು. ಇನ್ನೊಂದು ವಿಷಯ, ಈ ಹಳದಿ ನುಸಿ ಬಿಳಿ ನೊಣದ ಕಾಲಿಗೆ ಅಂಟಿಕೊಂಡು ಗಿಡದಿಂದ ಗಿಡಕ್ಕೆ ಹೋಗುತ್ತದೆ. ಬಿಳಿ ನೊಣ ಜಾಸ್ತಿ ಇರುವ ಮೆಣಸಿನ ತೋಟದಲ್ಲಿ ಕುಡಿಯ ಮೇಲೆ ಒಂದು ಕಣ್ಣಿರಲಿ.

ತೆಂಗಿನ ನುಸಿಯ ವಿಷಯವೇ ಬೇರೆ. ಅದಕ್ಕೆ ಕೊನೆಯ ಹೊತ್ತಿಗೆ ಬರುತ್ತೇನೆ.

ಯಾಕೆ ಇಷ್ಟೊಂದು?

ಬಿಸಿಲು ಮತ್ತು ಒಣಹವೆ ಕೆಂಪು ನುಸಿಗೆ ಹಬ್ಬ. ಬೇಸಿಗೆಯಲ್ಲಿ ಮೊಟ್ಟೆಯಿಂದ ದೊಡ್ಡ ನುಸಿಯಾಗಲು ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಸಾಕು. ಒಂದು ಹೆಣ್ಣು ತನ್ನ ಆಯಸ್ಸಿನಲ್ಲಿ ನೂರರಷ್ಟು ಮೊಟ್ಟೆ ಇಡಬಲ್ಲದು. ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ.

ಧೂಳು ಇನ್ನೊಂದು. ಮಣ್ಣು ರಸ್ತೆ ಪಕ್ಕದ ಸಾಲು, ಜಲ್ಲಿ ಕ್ರಷರ್ ಕಡೆಯ ಅಂಚು ಇದ್ದರೆ ಮೊದಲು ನುಸಿ ಕಾಣುವುದು ಅಲ್ಲೇ. ಚಿಕ್ಕಬಳ್ಳಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನುಸಿಯನ್ನು ತಿನ್ನುವ ಪರಭಕ್ಷಕ ನುಸಿಗೂ ಸಣ್ಣ ಕಪ್ಪು ಗುಲಗಂಜಿ ಹುಳಕ್ಕೂ ಧೂಳು ಹಿಡಿದ ಎಲೆಯ ಮೇಲೆ ಓಡಾಡುವುದು ಕಷ್ಟ. ಯೂರಿಯಾ ಜಾಸ್ತಿ ಕೊಟ್ಟ ಗಿಡ, ನೀರಿಗೆ ಬಾಯಾರಿದ ಗಿಡ ಇವೂ ನುಸಿಗೆ ಇಷ್ಟ.

ಇವೆಲ್ಲಕ್ಕಿಂತ ದೊಡ್ಡ ಕಾರಣ ನಮ್ಮ ಕೈಯಲ್ಲೇ ಇದೆ. ಕಾಯಿಕೊರಕಕ್ಕೆ ಅಂತ ಹೊಡೆಯುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ನಂಥ ಔಷಧಿಗಳು ನುಸಿಯ ಶತ್ರುಗಳನ್ನು ಕೊಂದು ನುಸಿಯನ್ನು ಉಳಿಸುತ್ತವೆ. ಎರಡು ಸಲ ಇವನ್ನು ಹೊಡೆದ ತೋಟದಲ್ಲಿ ನುಸಿ ಎದ್ದರೆ ಆಶ್ಚರ್ಯವೇನಿಲ್ಲ. ಒಂದು ಕಡೆ ಇವನ್ನು ಹೊಡೆಯುತ್ತಾ ಇನ್ನೊಂದು ಕಡೆ ಬೇವಿನ ಕಷಾಯ ಹೊಡೆದರೆ ಸೋರುವ ಬಿಂದಿಗೆಗೆ ನೀರು ತುಂಬಿದ ಹಾಗೆ. ಮೊದಲು ಅದನ್ನು ನಿಲ್ಲಿಸಿ.

ಟೊಮೆಟೊ ಬೆಳೆಯುವವರಿಗೆ ಮಾತ್ರ ಒಂದು ಮಾತು. ಕಾಯಿಕೊರಕವನ್ನು ಸೆಳೆಯಲು ಸಾಲಿನ ಮಧ್ಯೆ ಚೆಂಡುಹೂವು ಹಾಕುತ್ತೀರಿ, ಒಳ್ಳೆಯದೇ. ಆದರೆ ಬೇಸಿಗೆಯಲ್ಲಿ ಚೆಂಡುಹೂವು ನುಸಿಯ ಗೂಡಾಗುತ್ತದೆ. ಟೊಮೆಟೊ ಎಲೆ ತಿರುಗಿಸಿ ನೋಡುವ ಮೊದಲು ಚೆಂಡುಹೂವಿನ ಎಲೆ ತಿರುಗಿಸಿ. ಅಲ್ಲಿ ಬಲೆ ಕಂಡರೆ ಆ ಗಿಡವನ್ನು ಚೀಲದೊಳಗೆ ಹಾಕಿಯೇ ಕಿತ್ತು ಹೊರಗೆ ಒಯ್ಯಿರಿ.

ಔಷಧಿಗೂ ಮುಂಚೆ ನೀರು

ನುಸಿ ಕೆಲವೇ ಗಿಡದಲ್ಲಿದ್ದಾಗ ಬರೀ ನೀರೇ ಅರ್ಧ ಕೆಲಸ ಮಾಡುತ್ತದೆ. ಕೆಳಗಿನ ಹಳದಿ ಎಲೆಗಳನ್ನು ಕಿತ್ತು ಚೀಲಕ್ಕೆ ಹಾಕಿ. ಬದುವಿನ ಮೇಲೆ ಬಿಸಾಡಬೇಡಿ, ಗಾಳಿಗೆ ವಾಪಸ್ ಬರುತ್ತದೆ. ಆಮೇಲೆ ಪವರ್ ಸ್ಪ್ರೇಯರ್‌ನಲ್ಲಿ ಬರೀ ನೀರನ್ನು ಎಲೆಯ ಕೆಳಗಿನಿಂದ ಮೇಲಕ್ಕೆ ಜೋರಾಗಿ ಹೊಡೆಯಿರಿ. ಬಲೆ ಹರಿಯುತ್ತದೆ, ಧೂಳು ಹೋಗುತ್ತದೆ, ನುಸಿ ಉದುರುತ್ತದೆ. ಬಲೆ ಹಾಗೆಯೇ ಇದ್ದರೆ ಔಷಧಿಯ ಹನಿ ಅದರ ಮೇಲೆ ಕುಳಿತುಬಿಡುತ್ತದೆ, ಒಳಗೆ ಹೋಗುವುದಿಲ್ಲ. ಇದನ್ನು ಬೆಳಿಗ್ಗೆ ಮಾಡಿ, ಸಂಜೆಯೊಳಗೆ ಎಲೆ ಒಣಗಿರಬೇಕು. ಅಂಗಮಾರಿ ಕಾಣಿಸಿಕೊಂಡ ಟೊಮೆಟೊದಲ್ಲಿ ಬೇಡ. ಮನೆ ಮುಂದಿನ ಗುಲಾಬಿ, ದಾಸವಾಳದ ಕುಂಡಗಳಿಗಾದರೆ ಪೈಪಿನ ತುದಿ ಬೆರಳಲ್ಲಿ ಒತ್ತಿ ಹಿಡಿದು ತೊಳೆದರೂ ಸಾಕು.

ನೀರಿನ ಗುಣವನ್ನೂ ನೋಡಬೇಕು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಸೋಪು ನೊರೆ ಬರುವುದಿಲ್ಲ, ಬಿಳಿ ಕೆನೆ ತೇಲುತ್ತದೆ. ಆ ನೀರಿನಲ್ಲಿ ಎಣ್ಣೆ ಬೆರೆಯದೆ ಮೇಲೆ ನಿಲ್ಲುತ್ತದೆ. ಸ್ಪ್ರೇಯರ್ ಕ್ಯಾನಿನ ಮೊದಲ ಹನಿಗಳಲ್ಲಿ ಬರೀ ನೀರು, ಕೊನೆಯಲ್ಲಿ ಬರೀ ಎಣ್ಣೆ ಬಂದು ಎಲೆ ಸುಡುತ್ತದೆ. ಜೊತೆಗೆ ಕ್ಷಾರದ ನೀರಿನಲ್ಲಿ ಬೇವಿನ ಮುಖ್ಯ ಸತ್ವವಾದ ಅಜಾಡಿರಾಕ್ಟಿನ್ ಬೇಗ ಕೆಡುತ್ತದೆ. ಕೃಷಿ ಹೊಂಡದಲ್ಲಿ ಮಳೆ ನೀರು ಇದ್ದರೆ ಔಷಧಿ ಕಲಸಲು ಅದನ್ನೇ ಇಟ್ಟುಕೊಳ್ಳಿ. ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ ಬಳಸಿ.

ಪರೀಕ್ಷೆ ಸುಲಭ. ಒಂದು ಲೀಟರ್ ಬಾಟಲಿಗೆ ನಿಮ್ಮ ನೀರು, ಅಳತೆಯ ಎಣ್ಣೆ, ಸೋಪು ಹಾಕಿ ಚೆನ್ನಾಗಿ ಕುಲುಕಿ ಕಾಲು ಗಂಟೆ ಇಡಿ. ಹಾಲಿನಂತೆ ಒಂದೇ ಬಣ್ಣ ಉಳಿದರೆ ಸರಿ. ಮೇಲೆ ಎಣ್ಣೆಯ ಪದರ ಬಂದರೆ ನೀರು ಬದಲಿಸಿ, ಇಲ್ಲವೇ ಸೋಪಿನ ಬದಲು ಅಂಟುವಾಳಕಾಯಿ ಬಳಸಿ. ಗಡಸು ನೀರಿನಲ್ಲೂ ಅಂಟುವಾಳ ಒಡೆಯುವುದಿಲ್ಲ. ಬೀಜ ತೆಗೆದ ಒಂದು ಹಿಡಿ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಹಿಸುಕಿ ಸೋಸಿದರೆ ಒಂದು ಕ್ಯಾನಿಗೆ ಸಾಕಾಗುತ್ತದೆ.

ಬಟ್ಟೆ ಒಗೆಯುವ ಸೋಪಿನ ಪುಡಿ ಮಾತ್ರ ಬೇಡ. ಎಳೆ ಎಲೆಯ ಅಂಚು ಸುಡುತ್ತದೆ. ಖಾದಿ ಸೋಪು ಅಥವಾ ಸಾದಾ ಬಾರ್ ಸೋಪು ತುರಿದು ಬಿಸಿನೀರಲ್ಲಿ ಕರಗಿಸಿಕೊಳ್ಳಿ.

ಬೇವಿನ ಬೀಜದ ಕಷಾಯ

ನನ್ನ ಮಟ್ಟಿಗೆ ಮೊದಲ ಸ್ಥಾನ ಇದಕ್ಕೇ. ಎಲೆ ಸುಡುವ ಭಯ ಕಡಿಮೆ, ಖರ್ಚು ಬರೀ ಕೂಲಿ. ನುಸಿಯನ್ನು ಥಟ್ಟನೆ ಕೊಲ್ಲುವುದಿಲ್ಲ. ತಿನ್ನುವುದನ್ನು ತಗ್ಗಿಸುತ್ತದೆ, ಪೊರೆ ಕಳಚದಂತೆ ಮಾಡುತ್ತದೆ, ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತದೆ. ಅದಕ್ಕೇ ಮರುದಿನ ಬಂದು ಸತ್ತ ನುಸಿ ಹುಡುಕಬೇಡಿ.

ಬೀಜ ಕೂಡಿಡುವುದು ಜೂನ್, ಜುಲೈನಲ್ಲಿ. ಹಳದಿ ತಿರುಗಿ ಉದುರಿದ ಹಣ್ಣು ಆಯ್ದು, ತಿರುಳು ತೊಳೆದು, ಬೀಜವನ್ನು ನೆರಳಲ್ಲಿ ಒಣಗಿಸಿ. ಬಿಸಿಲಲ್ಲಿ ಹರಡಿದರೆ ಸತ್ವ ಹೋಗುತ್ತದೆ. ಗೋಣಿ ಚೀಲ ಅಥವಾ ಬಟ್ಟೆ ಚೀಲದಲ್ಲಿ ಗಾಳಿ ಆಡುವ ಕಡೆ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ, ಬೂಷ್ಟು ಬಂದ ಬೀಜ ಕೆಲಸಕ್ಕೆ ಬಾರದು. ಆಯ್ದು ಮೂರು ತಿಂಗಳಿಂದ ಎಂಟು ತಿಂಗಳವರೆಗೆ ಬೀಜದ ಕಸುವು ಚೆನ್ನಾಗಿರುತ್ತದೆ. ಅಂದರೆ ಫೆಬ್ರವರಿ, ಮಾರ್ಚ್‌ವರೆಗೆ ನಡೆಯುತ್ತದೆ. ಏಪ್ರಿಲ್, ಮೇ ತಿಂಗಳ ನುಸಿಗೆ ಹಳೆ ಬೀಜ ನಂಬಿಕೊಳ್ಳುವ ಬದಲು ಎಣ್ಣೆಗೆ ಹೋಗುವುದು ಲೇಸು.

ಮಾಡುವ ವಿಧಾನ, ಹತ್ತು ಲೀಟರ್ ಲೆಕ್ಕದಲ್ಲಿ:

1. ಬೀಜದ ಗಟ್ಟಿ ಸಿಪ್ಪೆ ಒಡೆದು ಒಳಗಿನ ತಿರುಳನ್ನು 500 ಗ್ರಾಂ ತೆಗೆದುಕೊಳ್ಳಿ. ಸಿಪ್ಪೆ ಸಮೇತ ಹಾಕುವುದಾದರೆ ಅದರ ಎರಡರಷ್ಟು ಬೇಕು.
2. ಒರಳಲ್ಲಿ ತರಿತರಿಯಾಗಿ ಕುಟ್ಟಿ. ಮಿಕ್ಸಿಯಲ್ಲಾದರೆ ಬಿಟ್ಟು ಬಿಟ್ಟು ತಿರುಗಿಸಿ. ನುಣ್ಣಗೆ ಅರೆದರೆ ಎಣ್ಣೆ ಬಿಟ್ಟು ಉಂಡೆ ಕಟ್ಟುತ್ತದೆ.
3. ತೆಳು ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ಒಂದು ಲೀಟರ್ ತಣ್ಣೀರಲ್ಲಿ ರಾತ್ರಿಯಿಡೀ ನೆನೆಯಲು ಬಿಡಿ. ಒಲೆಯ ಮೇಲೆ ಇಡಬೇಡಿ. ಕಾಯಿಸಿದರೆ ಸತ್ವ ಕೆಡುತ್ತದೆ.
4. ಮರುದಿನ ಗಂಟನ್ನು ನೀರೊಳಗೇ ಹಿಂಡಿ. ಮತ್ತೆ ಅದ್ದಿ, ಮತ್ತೆ ಹಿಂಡಿ. ಬಿಳಿ ಹಾಲು ಬರುವುದು ನಿಂತು ತಿಳಿ ಕಂದು ನೀರು ಬರುವವರೆಗೆ.
5. ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ. ಇಲ್ಲಿ ಸೋಮಾರಿತನ ಮಾಡಿದರೆ ಸಾಲಿಗೊಂದು ಸಲ ನಾಜಲ್ ಬಿಚ್ಚಬೇಕಾಗುತ್ತದೆ.
6. 10 ರಿಂದ 20 ಗ್ರಾಂ ಸೋಪು ಕರಗಿಸಿ ಸೇರಿಸಿ, ಹತ್ತು ಲೀಟರ್‌ಗೆ ತುಂಬಿಸಿ.

ಇದು ಶೇ 5ರ ಕಷಾಯ. 16 ಲೀಟರ್ ಕ್ಯಾನಿಗೆ 800 ಗ್ರಾಂ ತಿರುಳು, 200 ಲೀಟರ್ ಡ್ರಮ್ಮಿಗೆ 10 ಕೆ.ಜಿ. ಕಲಸಿದ ದಿನವೇ ಮುಗಿಸಿ. ಉಳಿದ ಹಿಂಡಿಯನ್ನು ಬುಡಕ್ಕೆ ಹಾಕಿ.

ಬೇವಿನೆಣ್ಣೆ, ಹೊಂಗೆ ಎಣ್ಣೆ

ಎಣ್ಣೆಯ ಕೆಲಸದ ರೀತಿ ಬೇರೆ. ಅದು ನುಸಿಯ ಮೈ ಮೇಲೆ, ಮೊಟ್ಟೆಯ ಮೇಲೆ ತೆಳು ಪದರವಾಗಿ ಕುಳಿತು ಉಸಿರು ಕಟ್ಟಿಸುತ್ತದೆ. ಹಾಗಾಗಿ ಕಷಾಯಕ್ಕಿಂತ ಬೇಗ ಫಲ ಕಾಣುತ್ತದೆ. ಎಲೆ ಸುಡುವ ಅಪಾಯವೂ ಅಷ್ಟೇ ಜಾಸ್ತಿ.

ತರಕಾರಿಗೆ ಲೀಟರ್‌ಗೆ 5 ಮಿ.ಲೀ. ಎಣ್ಣೆಯಿಂದ ಶುರು ಮಾಡಿ. ಬಲಿತ ಎಲೆಯ ಬದನೆ, ಗುಲಾಬಿಗೆ 10 ಮಿ.ಲೀ.ವರೆಗೆ ಹೋಗಬಹುದು. ಸಾಮಾನ್ಯವಾಗಿ ತಪ್ಪಾಗುವುದು ಕಲಸುವ ಕ್ರಮದಲ್ಲಿ. ನೀರಿಗೆ ಎಣ್ಣೆ ಸುರಿದು ಆಮೇಲೆ ಸೋಪು ಹಾಕುತ್ತಾರೆ. ಅದು ಬೆರೆಯುವುದಿಲ್ಲ. ಮೊದಲು ಸೋಪನ್ನು ಅರ್ಧ ಲೀಟರ್ ಬೆಚ್ಚಗಿನ ನೀರಲ್ಲಿ ಕರಗಿಸಿ. ಅದಕ್ಕೆ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಕಡೆಯಿರಿ. ಮಜ್ಜಿಗೆ ಬಣ್ಣಕ್ಕೆ ಬಂದ ಮೇಲೆ ಉಳಿದ ನೀರಿಗೆ ಸೇರಿಸಿ. ಹೊಡೆಯುವಾಗ ಆಗಾಗ ಕ್ಯಾನು ಕುಲುಕುತ್ತಿರಿ.

ಹೊಂಗೆಯ ವಿಷಯದಲ್ಲಿ ನಮ್ಮ ಜನಕ್ಕೆ ಯಾಕೋ ಅಸಡ್ಡೆ. ತುಮಕೂರಿನಿಂದ ಮುಳಬಾಗಿಲವರೆಗೆ ಬದುವಿನ ಮೇಲೆ, ಕೆರೆ ಏರಿಯ ಮೇಲೆ ಹೊಂಗೆ ಮರ ಇಲ್ಲದ ಊರಿಲ್ಲ. ನೆರಳಿಗೆ, ಹಸಿರೆಲೆ ಗೊಬ್ಬರಕ್ಕೆ ಬೇಕು, ಎಣ್ಣೆ ಮಾತ್ರ ಸೋಪಿನ ಕಾರ್ಖಾನೆಗೆ ಹೋಗುತ್ತದೆ. ಅದರಲ್ಲಿರುವ ಕರಂಜಿನ್ ನುಸಿಗೆ ಆಗದ ವಸ್ತು. ಬೇವಿನೆಣ್ಣೆ, ಹೊಂಗೆ ಎಣ್ಣೆ ಅರ್ಧರ್ಧ ಬೆರೆಸಿ ಹೊಡೆಯುವುದು ಒಳ್ಳೆಯ ಪದ್ಧತಿ. ಒಟ್ಟು ಪ್ರಮಾಣ ಮಾತ್ರ ಮೇಲೆ ಹೇಳಿದ್ದನ್ನು ದಾಟಬಾರದು.

ಕಲಸುವ ರಗಳೆ ಬೇಡ ಅನ್ನುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇವಿನ ಸೋಪು, ಹೊಂಗೆ ಸೋಪು ಅಂತಲೇ ರೂಪಿಸಿದೆ. ತುರಿದು ನೀರಲ್ಲಿ ಕರಗಿಸಿದರೆ ಆಯಿತು. ಪ್ರಮಾಣ ಬೆಳೆಯಿಂದ ಬೆಳೆಗೆ ಬೇರೆ, ಪೊಟ್ಟಣದ ಮೇಲೆ ಇರುತ್ತದೆ.

ಅಂಗಡಿಯ ಬೇವಿನ ಔಷಧಿ ಕೊಳ್ಳುವುದಾದರೆ ಲೇಬಲ್ ಓದಿ. ಅಜಾಡಿರಾಕ್ಟಿನ್ ಎಷ್ಟು ಅಂತ ಬರೆದಿರಬೇಕು: 300, 1500 ಅಥವಾ 10,000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ). ಮೊದಲನೆಯದಕ್ಕೆ ಲೀಟರ್‌ಗೆ 5 ಮಿ.ಲೀ. ಆದರೆ ಕೊನೆಯದಕ್ಕೆ 1 ರಿಂದ 2 ಮಿ.ಲೀ. ಸಾಕು. ಡಬ್ಬಿಯ ಮೇಲಿನ ಪ್ರಮಾಣವೇ ಅಂತಿಮ. 1968ರ ಕೀಟನಾಶಕ ಕಾಯ್ದೆಯಡಿ ಬೇವಿನ ಕೀಟನಾಶಕಕ್ಕೂ ನೋಂದಣಿ ಸಂಖ್ಯೆ ಬೇಕು. ಸಂಖ್ಯೆ ಇಲ್ಲದೆ "ಹರ್ಬಲ್, ಒಂದೇ ಸ್ಪ್ರೇಗೆ ಕ್ಲೀನ್" ಅನ್ನುವ ಬಾಟಲಿಯನ್ನು ನಾನಂತೂ ಮುಟ್ಟುವುದಿಲ್ಲ. ಬೇವು ಒಂದೇ ಸ್ಪ್ರೇಗೆ ಕ್ಲೀನ್ ಮಾಡುವುದಿಲ್ಲ. ಮಾಡಿದರೆ ಒಳಗೆ ಬೇರೇನೋ ಇದೆ ಅಂತಲೇ ಅರ್ಥ, ಅಲ್ವಾ?

ಬೆಳ್ಳುಳ್ಳಿ, ಮತ್ತೆ ಬೇರೆ ಸೊಪ್ಪುಗಳು

ಬೆಳ್ಳುಳ್ಳಿಯನ್ನು ಒಂಟಿಯಾಗಿ ಬಳಸುವುದಕ್ಕಿಂತ ಬೇವಿನೆಣ್ಣೆ ಜೊತೆ ಬಳಸಿದರೆ ಚೆನ್ನ. ಹತ್ತು ಲೀಟರ್‌ಗೆ 200 ಮಿ.ಲೀ. ಬೇವಿನೆಣ್ಣೆ, 200 ಗ್ರಾಂ ಬೆಳ್ಳುಳ್ಳಿ, 50 ಗ್ರಾಂ ಸೋಪು. ಇದು ತೆಂಗಿಗೆ ಶಿಫಾರಸು ಮಾಡುವ ಅಳತೆ. ತರಕಾರಿಯ ಎಳೆ ಎಲೆಗೆ ಇಷ್ಟು ಎಣ್ಣೆ ತಡೆಯುವುದಿಲ್ಲ, ಕಾಲು ಭಾಗಕ್ಕೆ ಇಳಿಸಿ. ಬೆಳ್ಳುಳ್ಳಿ ಅರೆದು 300 ಮಿ.ಲೀ. ನೀರಲ್ಲಿ ಕಲಸಿ ಸೋಸಿ, ಸೋಪಿನಲ್ಲಿ ಕಡೆದ ಎಣ್ಣೆಗೆ ಸೇರಿಸಿ, ಆಮೇಲೆ ನೀರು ತುಂಬಿಸಿ.

ದಶಪರ್ಣಿ ಕಷಾಯ ಮಾಡುವವರು ಬಹಳ ಜನ. ಲಕ್ಕಿ, ಎಕ್ಕ, ಹೊಂಗೆ, ಬೇವು, ಸೀತಾಫಲ, ಹರಳು ಅಂತ ದನ ತಿನ್ನದ ಸೊಪ್ಪುಗಳನ್ನೆಲ್ಲ ಕೊಳೆಸುವುದು. ಎಲೆ ತಿನ್ನುವ ಹುಳಗಳಿಗೆ ಮತ್ತು ಮುನ್ನೆಚ್ಚರಿಕೆಗೆ ಸರಿ. ನುಸಿ ಬಲೆ ಕಟ್ಟಿದ ಮೇಲೆ ಅದನ್ನು ನಂಬಿ ವಾರ ಕಳೆಯಬೇಡಿ. ಸೊಪ್ಪಿನ ರಸ ಪ್ರತಿ ಸಲ ಒಂದೊಂದು ಥರ ಇರುತ್ತದೆ, ಅಳತೆ ಸಿಗುವುದಿಲ್ಲ. ಉಮ್ಮತ್ತಿ, ಕಣಗಿಲೆ ಸೇರಿಸುವುದಂತೂ ಬೇಡ. ಎರಡೂ ಮನುಷ್ಯರಿಗೆ ವಿಷ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ. ಮಕ್ಕಳಿರುವ ಮನೆಯಲ್ಲಿ ಅದನ್ನು ಕುಟ್ಟಲೇಬೇಡಿ.

ತಂಬಾಕಿನ ಕಷಾಯ? ಬೇಡ. ಗಿಡದಿಂದ ಬಂದದ್ದೆಲ್ಲ ಸೌಮ್ಯ ಅಂತ ಅಲ್ಲ. ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಏರುತ್ತದೆ. ತಂಬಾಕಿನಿಂದ ಟೊಮೆಟೊ, ಮೆಣಸಿಗೆ ಮೊಸಾಯಿಕ್ ವೈರಸ್ ಬರಬಹುದು. ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರಂತೂ ಮುಗಿಯಿತು, ರೇಷ್ಮೆಹುಳು ಉಳಿಯುವುದಿಲ್ಲ.

ಹೊಡೆಯುವ ರೀತಿ

ಸಂಜೆ ನಾಲ್ಕೂವರೆ, ಐದರ ಮೇಲೆ ಶುರು ಮಾಡಿ. ಬಿಸಿಲಿಗೆ ಬೇವಿನ ಸತ್ವ ಬೇಗ ಕೆಡುತ್ತದೆ, ಎಣ್ಣೆ ಬಿದ್ದ ಎಲೆ ಸುಡುತ್ತದೆ. ಆ ಹೊತ್ತಿಗೆ ಜೇನುನೊಣಗಳೂ ಗೂಡಿಗೆ ಮರಳಿರುತ್ತವೆ. ಗಿಡ ಬಾಡಿದ್ದರೆ ಅವತ್ತು ಹೊಡೆಯಬೇಡಿ, ಮೊದಲು ಡ್ರಿಪ್ ಬಿಟ್ಟು ಗಿಡ ಚೇತರಿಸಿಕೊಳ್ಳಲಿ. ಮೊದಲ ಸಲ ಬಳಸುವಾಗ ನಾಲ್ಕಾರು ಗಿಡಕ್ಕೆ ಹೊಡೆದು ಎರಡು ದಿನ ಕಾಯಿರಿ. ಎಲೆಯ ಅಂಚು ಕಂದಾದರೆ ಎಣ್ಣೆ ಕಡಿಮೆ ಮಾಡಿ.

ನಾಜಲ್‌ನ ಮೂತಿ ಮೇಲ್ಮುಖವಾಗಿರಬೇಕು. ಔಷಧಿ ಹೊಡೆಯುವ ಕೊಳವೆಯಾದ ಲ್ಯಾನ್ಸ್‌ನ ತುದಿಯ ಬಾಗು ಆಕಾಶ ನೋಡುವ ಹಾಗೆ ತಿರುಗಿಸಿ, ಗಿಡದ ಬುಡದಿಂದ ಒಳಕ್ಕೆ ತೂರಿಸಿ, ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಸಾಲಿನ ಈ ಬದಿ, ಆಮೇಲೆ ಆ ಬದಿ. ಕಡ್ಡಿ ಕಟ್ಟಿದ ಟೊಮೆಟೊ ಎದೆ ಮಟ್ಟಕ್ಕೆ ಬಂದಿದ್ದರೆ ಎಕರೆಗೆ ಒಂದು ಡ್ರಮ್, ಅಂದರೆ 200 ಲೀಟರ್ ಬೇಕೇ ಬೇಕು. ನಾಲ್ಕು ಕ್ಯಾನಿನಲ್ಲಿ ಎಕರೆ ಮುಗಿಸುವವರಿಗೆ ಬೇವು ಕೆಲಸ ಮಾಡುವುದಿಲ್ಲ. ಮೊದಲ ಸಾಲು ಮುಗಿದ ಕೂಡಲೇ ಕ್ಯಾನು ಇಳಿಸಿ, ಗಿಡದ ಹೊಟ್ಟೆಯೊಳಗಿನ ಹತ್ತು ಎಲೆ ತಿರುಗಿಸಿ ನೋಡಿ. ಹತ್ತರಲ್ಲಿ ಎಂಟು ಎಲೆಯ ಬೆನ್ನಾದರೂ ಒದ್ದೆಯಾಗಿರಬೇಕು. ಇಲ್ಲದಿದ್ದರೆ ಉಳಿದ ಸಾಲುಗಳನ್ನೂ ಹಾಗೆಯೇ ಹೊಡೆದು ಪ್ರಯೋಜನವಿಲ್ಲ. ಕೂಲಿಗೆ ಬಂದವರಿಗೆ ಕ್ಯಾನಿನ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಅವರು ಓಡುತ್ತಲೇ ಹೊಡೆಯುತ್ತಾರೆ. ಈ ಕೆಲಸಕ್ಕೆ ದಿನಗೂಲಿಯೇ ವಾಸಿ.

ಮೆಣಸಿನ ಹಳದಿ ನುಸಿಗೆ ಗುರಿ ಬೇರೆ. ಅಲ್ಲಿ ಕುಡಿ ಮತ್ತು ಎಳೆ ಎಲೆಗಳೇ ಮುಖ್ಯ. ಮಡಚಿದ ಎಲೆಯೊಳಗೆ ಹನಿ ಹೋಗುವಂತೆ ಸಣ್ಣ ಹನಿಯ ನಾಜಲ್ ಬಳಸಿ. ಒಮ್ಮೆ ಮಡಚಿದ ಎಲೆ ಮತ್ತೆ ಬಿಚ್ಚುವುದಿಲ್ಲ. ಹೊಸದಾಗಿ ಬರುವ ಎಲೆ ಚಪ್ಪಟೆಯಾಗಿದ್ದರೆ ಔಷಧಿ ಹಿಡಿದಿದೆ ಅಂತ ತಿಳಿಯಿರಿ.

ಇನ್ನು ದಿನಗಳ ಲೆಕ್ಕ. ಇಂದು ಹೊಡೆದರೆ ಸಾಯುವುದು ಹೊರಗಿರುವ ನುಸಿ. ಮೊಟ್ಟೆಗಳಲ್ಲಿ ಬಹಳಷ್ಟು ಉಳಿಯುತ್ತವೆ. ಬೇಸಿಗೆಯಲ್ಲಿ ಅವು ಮೂರರಿಂದ ಐದು ದಿನಕ್ಕೆ ಒಡೆಯುತ್ತವೆ. ಆ ಮರಿಗಳು ದೊಡ್ಡವಾಗಿ ಮೊಟ್ಟೆ ಇಡುವ ಮೊದಲೇ ಎರಡನೇ ಸಲ ಹೊಡೆಯಬೇಕು. ಆದ್ದರಿಂದ ಮೊದಲ ದಿನ, ಐದಾರನೇ ದಿನ, ಹತ್ತು ಹನ್ನೊಂದನೇ ದಿನ, ಹೀಗೆ ಮೂರು ಸಲ. ಮೊದಲದಕ್ಕೆ ಎಣ್ಣೆ, ಎರಡನೆಯದಕ್ಕೆ ಬೀಜದ ಕಷಾಯ, ಮೂರನೆಯದಕ್ಕೆ ಮತ್ತೆ ಎಣ್ಣೆ ಇಟ್ಟುಕೊಂಡರೆ ಎಲೆಗೂ ಹಗುರ. ಎರಡನೆಯದನ್ನು ಹದಿನೈದು ದಿನಕ್ಕೆ ತಳ್ಳಿದರೆ ಮೊದಲದು ನೀರಿನಲ್ಲಿ ಹೋಮ ಮಾಡಿದಂತೆ. ನಡುವೆ ಮಳೆ ಬಂದರೆ ಎಲೆ ಒಣಗಿದ ಮೇಲೆ ಮತ್ತೊಮ್ಮೆ ಹೊಡೆಯಿರಿ. ಮೂರೂ ಮುಗಿದ ಮೇಲೆ ಅದೇ ಬಿಳಿ ಹಾಳೆ ಹಿಡಿದು ತಟ್ಟಿ ನೋಡಿ. ತೋಟದ ನಾಲ್ಕು ಮೂಲೆ ಮತ್ತು ನಡುವೆ, ರಸ್ತೆ ಬದಿಯ ಸಾಲನ್ನು ಬಿಡದೆ.

ಕೊಯ್ಲಿಗೆ ಮೂರು ನಾಲ್ಕು ದಿನ ಮುಂಚೆ ನಿಲ್ಲಿಸಿ. ಬೇವಿನ ವಾಸನೆ ಮಾರುಕಟ್ಟೆಯ ಮಂಡಿಯವರೆಗೂ ಹೋಗುತ್ತದೆ. ಮಾರುವ ಗುಲಾಬಿ, ಸೇವಂತಿಗೆಯಲ್ಲಿ ಅರಳಿದ ಹೂವಿನ ಮೇಲೆ ಎಣ್ಣೆ ಬಿದ್ದರೆ ಕಲೆ ನಿಲ್ಲುತ್ತದೆ. ಹೂ ಕಿತ್ತ ದಿನ ಸಂಜೆ ಹೊಡೆಯಿರಿ. ಕೈಗವಸು, ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇದಕ್ಕೂ ಬೇಕು.

ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ

ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ಕಡೆ ಟೊಮೆಟೊ ಬದುವಿಗೆ ಹತ್ತಿಕೊಂಡೇ ರೇಷ್ಮೆ ಸೊಪ್ಪಿನ ತೋಟ ಇರುತ್ತದೆ. ಬೇವು ಮನುಷ್ಯನಿಗೆ, ದನಕ್ಕೆ ಅಷ್ಟೇನೂ ಮಾಡದಿರಬಹುದು. ರೇಷ್ಮೆಹುಳು ಮಾತ್ರ ಬೇವು ಬಿದ್ದ ಸೊಪ್ಪು ತಿನ್ನಲು ಹಿಂಜರಿಯುತ್ತದೆ, ತಿಂದರೆ ಪೊರೆ ಕಳಚದೆ ಸಾಯುತ್ತದೆ. ಗಾಳಿ ಅತ್ತ ಬೀಸುವಾಗ ಹೊಡೆಯಬೇಡಿ. ಪಕ್ಕದವರಿಗೆ ಒಂದು ಮಾತು ಹೇಳಿ, "ಅಣ್ಣಾ, ಈವತ್ತು ಸಂಜೆ ಬೇವು ಹೊಡೀತಿದ್ದೀನಿ, ಈ ಬದಿಯ ಎರಡು ಸಾಲು ಸೊಪ್ಪು ಕೊಯ್ಯಬೇಡ" ಅಂತ. ಹಿಪ್ಪುನೇರಳೆಗೇ ನುಸಿ ಬಿದ್ದಿದ್ದರೆ ಜೋರು ನೀರಿನಿಂದ ತೊಳೆಯುವುದೇ ಮೊದಲ ದಾರಿ. ಬೇವು ಹೊಡೆಯುವುದಾದರೆ ಸೊಪ್ಪು ಕೊಯ್ದು ಮುಗಿದ ಮೇಲೆ, ಹೊಸ ಚಿಗುರಿನ ಆರಂಭದಲ್ಲಿ ಮಾತ್ರ. ಮತ್ತೆ ಯಾವಾಗ ಸೊಪ್ಪು ಕೊಡಬಹುದು ಅನ್ನುವುದನ್ನು ರೇಷ್ಮೆ ಇಲಾಖೆಯ ತಾಂತ್ರಿಕ ಸಿಬ್ಬಂದಿಯನ್ನು ಕೇಳಿಕೊಂಡೇ ಮುಂದುವರಿಯಿರಿ.

ತಿಪಟೂರು ಕಡೆಯ ತೆಂಗಿಗೆ

ತೆಂಗಿನ ನುಸಿ 1998ರಲ್ಲಿ ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ ಮೊದಲು ಕಂಡು, ಅಲ್ಲಿಂದ ನಮ್ಮ ಕಡೆಗೂ ಹರಡಿದ್ದು. ಇದು ಜೇಡ ನುಸಿ ಅಲ್ಲ. ಹುಳುವಿನ ಆಕಾರದ, ನಾಲ್ಕೇ ಕಾಲಿನ, ಬರಿಗಣ್ಣಿಗೆ ಕಾಣದ ಜೀವಿ. ಎಳೆ ಕಾಯಿಯ ತೊಟ್ಟಿನ ಟೋಪಿಯ ಕೆಳಗೆ ಸೇರಿಕೊಂಡು ರಸ ಹೀರುತ್ತದೆ. ಮೊದಲು ಟೋಪಿಯ ಅಂಚಿನಿಂದ ಕೆಳಕ್ಕೆ ತ್ರಿಕೋನದ ತಿಳಿ ಹಳದಿ ಮಚ್ಚೆ, ಆಮೇಲೆ ಅದು ಕಂದಾಗಿ ಬಿರುಕು ಬಿಟ್ಟು ಅಂಟು ಸುರಿಯುತ್ತದೆ. ಕಾಯಿ ಸಣ್ಣದಾಗಿ, ಸೊಟ್ಟಗೆ ಬೆಳೆಯುತ್ತದೆ. ಮಟ್ಟೆ ಗಟ್ಟಿಯಾಗಿ ಸುಲಿಯುವವರು ಬೈದುಕೊಳ್ಳುತ್ತಾರೆ. ಉಂಡೆ ಕೊಬ್ಬರಿಯ ತೂಕವೂ ಇಳಿಯುತ್ತದೆ.

ಇದಕ್ಕೆ ಮೇಲೆ ಹೇಳಿದ ಬೇವಿನೆಣ್ಣೆ, ಬೆಳ್ಳುಳ್ಳಿ, ಸೋಪಿನ ಮಿಶ್ರಣವನ್ನು ಪೂರ್ತಿ ಅಳತೆಯಲ್ಲೇ ಹೊಡೆಯಬೇಕು. ಗರಿಗಲ್ಲ, ಗೊನೆಗೆ. ಅದರಲ್ಲೂ ಎರಡರಿಂದ ಐದು ತಿಂಗಳಿನ ಎಳೆ ಕಾಯಿಯ ಗೊನೆಗಳಿಗೆ, ಟೋಪಿಯ ಸುತ್ತ ಇಳಿಯುವಂತೆ. ಮರ ಹತ್ತುವವರು ಕೈ ಸ್ಪ್ರೇಯರ್ ಒಯ್ದು ಹೊಡೆದರೆ ಕೆಳಗಿನಿಂದ ಎರಚುವುದಕ್ಕಿಂತ ಎಷ್ಟೋ ಮೇಲು. ವರ್ಷಕ್ಕೆ ಮೂರು ಸಲ: ಚಳಿಗಾಲದ ಕೊನೆಗೆ, ಮುಂಗಾರಿಗೆ ಮುಂಚೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ.

ಮರ ಎತ್ತರ ಇದ್ದು ಹತ್ತುವವರು ಸಿಗದಿದ್ದರೆ ಬೇರಿನ ಮೂಲಕ ಕೊಡಬಹುದು. ಬುಡದಿಂದ ಸ್ವಲ್ಪ ದೂರ ಅಗೆದು, ಪೆನ್ಸಿಲ್ ದಪ್ಪದ, ಕೆಂಪು-ಕಂದು ಬಣ್ಣದ ಜೀವಂತ ಬೇರು ಹುಡುಕಿ. ತುದಿಯನ್ನು ಓರೆಯಾಗಿ ಕತ್ತರಿಸಿ. 10,000 ಪಿಪಿಎಂ ಅಜಾಡಿರಾಕ್ಟಿನ್ 10 ಮಿ.ಲೀ.ಗೆ ಅಷ್ಟೇ ನೀರು ಸೇರಿಸಿ ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ, ಬೇರಿನ ತುದಿ ಅದರ ತಳ ಮುಟ್ಟುವಂತೆ ಇಳಿಸಿ ದಾರ ಕಟ್ಟಿ. ಮರುದಿನ ಕವರ್ ಖಾಲಿಯಾಗಿರಬೇಕು. ಹಾಗೆಯೇ ಉಳಿದಿದ್ದರೆ ಬೇರು ಸರಿಯಿಲ್ಲ, ಬೇರೊಂದನ್ನು ಹುಡುಕಿ. ಬಲಿತ ಕಾಯಿ, ಎಳನೀರು ಇಳಿಸಿದ ಮೇಲೆಯೇ ಇದನ್ನು ಮಾಡಿ. ಜೊತೆಗೆ ವರ್ಷಕ್ಕೆ ಮರಕ್ಕೆ 5 ಕೆ.ಜಿ. ಬೇವಿನ ಹಿಂಡಿ, ಸಾಕಷ್ಟು ಕೊಟ್ಟಿಗೆ ಗೊಬ್ಬರ, ಬೇಸಿಗೆಯಲ್ಲಿ ತಪ್ಪದೆ ನೀರು. ಸೊರಗಿದ ಮರಕ್ಕೆ ಬರೀ ಸ್ಪ್ರೇ ಮಾಡಿ ಪ್ರಯೋಜನ ಕಾಣುವುದು ಕಷ್ಟ.

ಕೈ ಮೀರಿದಾಗ

ತೋಟದ ಅರ್ಧಕ್ಕಿಂತ ಜಾಸ್ತಿ ಗಿಡದ ತುದಿಯಲ್ಲಿ ಬಲೆ ಕಟ್ಟಿ, ಎಲೆ ತಾಮ್ರದ ಬಣ್ಣಕ್ಕೆ ಬಂದಿದ್ದರೆ ಕಷಾಯದಿಂದ ಬೆಳೆ ಉಳಿಸುವ ಮಾತು ನಾನು ಆಡುವುದಿಲ್ಲ. ಬೇವು, ಹೊಂಗೆ ಗೆಲ್ಲುವುದು ಮೊದಲ ಬಿಳಿ ಚುಕ್ಕೆ ಕಂಡ ವಾರದಲ್ಲಿ. ಆ ಹಂತ ದಾಟಿದರೆ ನೀರಲ್ಲಿ ಕರಗುವ ಗಂಧಕ ಒಂದು ದಾರಿ. ಇದು ಗಿಡಮೂಲ ಅಲ್ಲ, ಖನಿಜ. ಆದರೂ ಸಾವಯವದಲ್ಲಿ ಒಪ್ಪಿತ. ಶೇ 80ರದ್ದಾದರೆ ಲೀಟರ್‌ಗೆ 3 ಗ್ರಾಂ. ಎರಡು ಎಚ್ಚರಿಕೆ: ಎಣ್ಣೆ ಹೊಡೆದ ಎರಡು ಮೂರು ವಾರದೊಳಗೆ ಗಂಧಕ ಬೇಡ, ಎರಡೂ ಸೇರಿದರೆ ಎಲೆ ಕರಕಲಾಗುತ್ತದೆ. ಸುಡುಬಿಸಿಲಿನ ದಿನದಲ್ಲೂ ಬೇಡ.

ಅದೂ ಆಗದಿದ್ದರೆ ನುಸಿಗೆ ಅಂತಲೇ ಇರುವ ರಾಸಾಯನಿಕವನ್ನು ಒಂದು ಸಲ ಹೊಡೆಯುವುದೇ ವಾಸಿ. ಕಂಡ ಕಂಡ ಕೀಟನಾಶಕ ಬೆರೆಸಿ ಹೊಡೆಯಬೇಡಿ. ಯಾವುದು ಅನ್ನುವುದನ್ನು ಎಲೆ ಸಮೇತ ಹೋಗಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ: ಕೋಲಾರದವರಿಗೆ ಟಮಕ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಹತ್ತಿರದ ಕುರುಬೂರು, ತುಮಕೂರಿನವರಿಗೆ ಹಿರೇಹಳ್ಳಿ ಮತ್ತು ತಿಪಟೂರು ಹತ್ತಿರದ ಕೊನೇಹಳ್ಳಿ. ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ಹೋಗಬೇಡಿ. ಕಾಗದದ ಕವರಿನಲ್ಲಿ ಹಾಕಿ ಬಾಯಿ ಮಡಚಿ, ಅವತ್ತೇ ಒಯ್ಯಿರಿ. ಈವರೆಗೆ ಏನೇನು ಹೊಡೆದಿದ್ದೀರಿ, ಯಾವ ತಾರೀಖು ಅನ್ನುವ ಚೀಟಿಯೂ ಜೊತೆಗಿರಲಿ, ಅವರು ಮೊದಲು ಕೇಳುವುದು ಅದನ್ನೇ.